ಮಾಮಾನ ಮಷೀನ್ ಗನ್ನು, ಅವ್ವನ ಬಾಯಿ

ನಮ್ಮ ಮಾಮಾ ಸೈನ್ಯದಿಂದ ನಿವೃತ್ತನಾದದ್ದು ಸರ್ಕಾರಕ್ಕೆ ಗೊತ್ತು, ಪಿಂಚಣಿ ಕೊಡುವ ಬ್ಯಾಂಕಿಗೆ ಗೊತ್ತು. ಮಾಮಾನಿಗೆ ಮಾತ್ರ ಇನ್ನೂ ಯಾರೂ ತಿಳಿಸಿಲ್ಲ.

ಅವ್ವನ ಈ ತಮ್ಮ ಇಪ್ಪತ್ತು ವರ್ಷ ಮಷೀನ್ ಗನ್ನಿನ ಹಿಂದೆ ಬೋರಲು ಮಲಗಿದವನು. ಈಗ ಕೊಂಢವಾ ಬಡಾವಣೆಯ ಒಂದು ಅಪಾರ್ಟ್‌ಮೆಂಟಿಗೆ ಕಾವಲುಗಾರ. ಬೆಳಿಗ್ಗೆ ಗಿಡಗಳಿಗೆ ಪೈಪಿನಿಂದ ನೀರು ಬಿಡಬೇಕು. ಬಿಡುತ್ತಾನೆ, ಗಿಡಗಳಿಗಲ್ಲ, ನನಗೆ ಗುಂಡಿನ ಪಾಠ ಹೇಳಲು.

"ನೋಡಪಾ, ಇದು ಸಪಾಟ ನೆಲ. ನೀರು ಹೆಂಗ ಉದ್ದಕ ಬಿತ್ತು? ಗುಂಡೂ ಹಂಗ, ಉದ್ದನ್ನ ಪಟ್ಟಿಯಾಗಿ ಬೀಳ್ತಾವ. ಈಗ ಎದುರಿನ ಏರಿಗೆ ಹಿಡೀತೀನಿ. ಪಟ್ಟಿ ಗಿಡ್ಡ ಆತಿಲ್ಲೋ?"

ಏರು ಎಂದರೆ ಪಾರ್ಕಿಂಗಿನ ಇಳಿಜಾರು. ಅಲ್ಲಿ ಇಳಿದು ಬರುತ್ತಿದ್ದ ಸೊಸೈಟಿ ಕಾರ್ಯದರ್ಶಿಯ ಇಸ್ತ್ರಿ ಪ್ಯಾಂಟೂ ಪಾಠಕ್ಕೆ ಒದಗಿತು. ಗುಲಾಬಿ ಗಿಡಗಳು ಒಣಗಿ ಸತ್ತವು. ಕೇಳಿದರೆ, "ಅವು ಗುಂಡು ಬೀಳದ ಮರೆಯೊಳಗ ಇದ್ವು" ಎಂದ.

ನಾನೇನು ಕಡಿಮೆಯೇ? ಕಂಡವರನ್ನೆಲ್ಲ ಅಣಕಿಸುವುದು ನನ್ನ ರೋಗ. ಚಾಕಣದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಸಾಹೇಬರ ಮೂಗಿನ ಮರಾಠಿಯನ್ನು ಅವರು ಹಿಂದೆ ನಿಂತಾಗಲೇ ಆಡಿ ತೋರಿಸಿದೆ. ನಕ್ಕವರೆಲ್ಲ ಇನ್ನೂ ಕೆಲಸದಲ್ಲಿದ್ದಾರೆ. ನಾನಿಲ್ಲ. ಆ ಕೆಲಸಕ್ಕಾಗಿ ಅವ್ವ ಎಷ್ಟು ಮನೆಗಳ ಬಾಗಿಲಲ್ಲಿ ನಿಂತಿದ್ದಳೋ! ಅವಳಿಗೆ ಹೇಳುವುದು ಹೇಗೆ?

"ಫೋನಿನ್ಯಾಗ ಹೇಳಿಬಿಡ್ಲೇನ ಮಾಮಾ?"

"ಹುಚ್ಚಪ್ಯಾಲಿ, ದೂರಿಂದ ಹಾರಿಸಿದ್ದು ಮ್ಯಾಲಿಂದ ಬೀಳ್ತದ. ತಗ್ಗಿನ್ಯಾಗ ಕುಂತಾವನೂ ಉಳಿಯಂಗಿಲ್ಲ. ಹತ್ರ ಹೋಗು. ಹತ್ರಿದ್ರ ನೆಟ್ಟಗ, ಸೊಂಟದ ಎತ್ತರಕ್ಕ ಬರ್ತಾವ. ನೆಲಕ್ಕ ಕುಂದ್ರು. ತಲಿ ಮ್ಯಾಲೆ ಹಾಯ್ದು ಹೋಗ್ತಾವ."

ಹಡಪಸರದ ನಮ್ಮ ಮನೆಗೆ ಇಬ್ಬರೂ ಹೋದೆವು. ನಾನು ಒಳಗೆ ಹೋದವನೇ ನೆಲಕ್ಕೆ ಕೂತೆ. ಇಪ್ಪತ್ತು ವರ್ಷದ ಅನುಭವ ಒಂದು ಸಣ್ಣ ಸಂಗತಿಯನ್ನು ಬಿಟ್ಟಿತ್ತು. ಅವ್ವನೂ ನೆಲಕ್ಕೇ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು. ನನ್ನ ಮೂಗು, ಅವಳ ಬಾಯಿ, ನಡುವೆ ಒಂದು ಬುಟ್ಟಿ.

ಹೇಳಿದೆ.

"ಮಂದಿ ನಗಸಾಕ ಕೆಲಸ ಕಳಕೊಂಡ್ಯಾ? ಇನ್ನ ನಾ ಯಾರ ಬಾಗಲಕ್ಕ ಹೋಗ್ಲೋ?" ಎಂದು ಶುರುವಾದದ್ದು ನಿಲ್ಲಲೇ ಇಲ್ಲ. ಒಂದೂ ತಲೆಯ ಮೇಲೆ ಹಾಯಲಿಲ್ಲ. ಬುಟ್ಟಿಯನ್ನು ಮೂಗಿಗೆ ಅಡ್ಡ ಹಿಡಿದು ನೋಡಿದೆ, ಅದೂ ತಡೆಯಲಿಲ್ಲ.

ಆಗ ಮಾಮಾ ಬಂದು ನಮ್ಮಿಬ್ಬರ ನಡುವೆ ನಿಂತ.

"ಅಕ್ಕಾ, ತಪ್ಪು ನಂದು. ಸಾಹೇಬನ ಹಂಗ ಮಾತಾಡಿ ತೋರಸಂತ ನಾನ ಇವನ್ನ ಕುಣಿಸಿದ್ದು."

ಆ ಸಾಹೇಬರ ಮುಖವನ್ನೇ ಮಾಮಾ ಕಂಡವನಲ್ಲ. ಅವ್ವ ಅವನತ್ತ ತಿರುಗಿದಳು. ಎಷ್ಟೋ ವರ್ಷ ಬಚ್ಚಿಟ್ಟದ್ದೂ ಹೊರಬಂತು.

"ಹೌದೋ, ಈಗ ತಪ್ಪು ಒಪ್ಪಾಕ ಬಂದಿ. ನಮ್ಮಪ್ಪ ಸತ್ತಾಗ ಎಲ್ಲಿದ್ದಿ? ಮಣ್ಣಿಗೆ ಬಂದ್ಯಾ?"

ಆಗ ಸೈನ್ಯದಲ್ಲಿ ರಜೆ ಸಿಕ್ಕಿರಲಿಲ್ಲ ಎಂದು ಮಾಮಾ ಹೇಳಲಿಲ್ಲ. ಕೂರಲಿಲ್ಲ, ಒಂದು ಹೆಜ್ಜೆಯೂ ಸರಿಯಲಿಲ್ಲ. ಬೆನ್ನ ಹಿಂದೆ ಕೈಯಾಡಿಸಿ ನನಗಷ್ಟೇ ಸನ್ನೆ ಮಾಡಿದ: ಅಲ್ಲೇ ಕೂತಿರು.

ಮಾಮಾನ ಎಲ್ಲವನ್ನೂ ಅಣಕಿಸಿದ್ದೇನೆ, ಆ ನಿಲುವೊಂದನ್ನು ಬಿಟ್ಟು. ಗುಂಡು ಬೀಳದ ಜಾಗ ನೆಲಕ್ಕೆ ಕೂತಲ್ಲಿ ಇರುತ್ತದೆ ಎಂದು ಕಲಿಸಿದವನು, ತನ್ನ ಬೆನ್ನ ಹಿಂದೆಯೂ ಇರುತ್ತದೆ ಎಂದು ಹೇಳಿರಲೇ ಇಲ್ಲ.