ನಮ್ಮ ದೊಡ್ಡಪ್ಪನ ಸೆಷನ್ಸ್ ಕೋರ್ಟು

ಕೊಲೆಗಾರರನ್ನು ಕಂಡುಹಿಡಿಯುವುದರಲ್ಲಿ ನಮ್ಮ ದೊಡ್ಡಪ್ಪ ಎತ್ತಿದ ಕೈ. ಅವರು ಕಂಡುಹಿಡಿದವರಲ್ಲಿ ಒಬ್ಬನಾದರೂ ನಿಜವಾಗಿ ಕೊಲೆ ಮಾಡಿದ್ದನೇ ಎಂದು ಮಾತ್ರ ಕೇಳಬೇಡಿ! ಪತ್ತೇದಾರಿ ಕಾದಂಬರಿಯ ಮೊದಲ ಅಧ್ಯಾಯ ಮುಗಿಯುವುದರೊಳಗೆ ಅವರು ಯಾರನ್ನಾದರೂ ಹಿಡಿದು ಕಟಕಟೆ ಹತ್ತಿಸಿ ಆಗಿರುತ್ತಿತ್ತು. ಆ ಬಡಪಾಯಿ ಎರಡನೆಯ ಅಧ್ಯಾಯದಲ್ಲಿ ತಾನೇ ಕೊಲೆಯಾಗಿ ಬಿದ್ದಿರುತ್ತಿದ್ದ. ದೊಡ್ಡಪ್ಪ ಅದಕ್ಕೆಲ್ಲ ಜಗ್ಗುವವರೇ? ಪಶ್ಚಾತ್ತಾಪದಿಂದ ಸತ್ತನೆಂದು ಷರಾ ಹಾಕಿ, ಇನ್ನೊಬ್ಬನನ್ನು ಹಿಡಿದುಕೊಂಡು ಬರುತ್ತಿದ್ದರು.

ಅವರಿಗೆ ಈ ಗೀಳು ಹತ್ತಿಸಿದ್ದು ಸಾಕ್ಷಾತ್ ಸರ್ಕಾರ. ಕೊಡಗು ಇನ್ನೂ ತನ್ನಷ್ಟಕ್ಕೆ ತಾನು ಬೇರೆಯಾಗಿದ್ದ ಕಾಲದಲ್ಲಿ, ಮಡಿಕೇರಿಯ ಸೆಷನ್ಸ್ ಕೋರ್ಟಿನಲ್ಲಿ ದೊಡ್ಡ ಕೇಸು ನಡೆದರೆ ಸೀಮೆಯ ಕೆಲವು ಮರ್ಯಾದಸ್ಥರನ್ನು ಕರೆಸಿ ಜಡ್ಜಿಯ ಹತ್ತಿರ ಕೂರಿಸುತ್ತಿದ್ದರು. ಅವರಿಗೆ ಅಸೆಸರ್ ಎಂದು ಹೆಸರು. ವಾದ, ಸಾಕ್ಷಿ ಎಲ್ಲ ಕೇಳಿದ ಮೇಲೆ ಆರೋಪಿ ತಪ್ಪು ಮಾಡಿದ್ದಾನೋ ಇಲ್ಲವೋ ಎಂದು ಅವರು ಅಭಿಪ್ರಾಯ ಹೇಳಬೇಕು. ಜಡ್ಜಿ ಅದನ್ನು ಗೌರವದಿಂದ ಬರೆದುಕೊಳ್ಳಬೇಕು. ಬರೆದುಕೊಂಡ ಮೇಲೆ ತಮಗೆ ಸರಿ ಕಂಡ ತೀರ್ಪು ಕೊಡಬಹುದು! ಮದುವೆ ಮನೆಯಲ್ಲಿ ಅಳಿಯಂದಿರನ್ನು ಕೂರಿಸಿ ಅಡಿಗೆ ಏನು ಮಾಡಿಸೋಣ ಎಂದು ಕೇಳುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ.

ನಮ್ಮೂರು ಕೊಡ್ಲಿಪೇಟೆಯ ಕಡೆಯಿಂದ ಒಮ್ಮೆ ದೊಡ್ಡಪ್ಪನನ್ನು ಹೀಗೆ ಕರೆಸಿದರು. ಯಾವುದೋ ತೋಟದ ಗೋದಾಮಿನ ದರೋಡೆಯ ಕೇಸು. ಉಳಿದ ಅಸೆಸರುಗಳೆಲ್ಲ ಒಂದೊಂದು ಮಾತಿನಲ್ಲಿ ಅಪರಾಧಿ ಎಂದು ಹೇಳಿ ಊಟಕ್ಕೆ ಏಳುವ ಆತುರದಲ್ಲಿದ್ದರಂತೆ. ದೊಡ್ಡಪ್ಪ ಮಾತ್ರ ಎದ್ದು ನಿಂತು, ಕಟಕಟೆಯಲ್ಲಿರುವವನು ನಿರಪರಾಧಿ, ಸಾಕ್ಷಿ ಹೇಳಿದ ಕಾವಲುಗಾರನೇ ಕಳ್ಳ, ಪೊಲೀಸರ ಮೇಲೂ ತಮಗೆ ಅನುಮಾನವಿದೆ, ಸರ್ಕಾರಿ ವಕೀಲರ ನಡವಳಿಕೆಯೂ ಅಷ್ಟು ಸರಿ ಕಾಣಲಿಲ್ಲ ಎಂದು ಅಭಿಪ್ರಾಯ ದಯಪಾಲಿಸಿದರು. ತಮ್ಮನ್ನು ಬಿಟ್ಟರಲ್ಲ ಎಂದು ಜಡ್ಜಿಗೆ ಸಮಾಧಾನವಾಗಿರಬೇಕು. ನಗುತ್ತ ಬರೆದುಕೊಂಡರು, ಆರೋಪಿಗೆ ಶಿಕ್ಷೆ ಕೊಟ್ಟರು. ಆಮೇಲೆ ಆ ಮನುಷ್ಯ ತಾನಾಗಿ ತಪ್ಪು ಒಪ್ಪಿಕೊಂಡನಂತೆ. ಒಪ್ಪಿಕೊಂಡದ್ದು ಬೇಸರಕ್ಕೆ ಎಂದು ದೊಡ್ಡಪ್ಪನ ವಾದ.

ಮುಂದೆ ಅಸೆಸರ್ ಪದ್ಧತಿಯೇ ರದ್ದಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಎರಡಕ್ಕೂ ಸಂಬಂಧವಿಲ್ಲವೆಂದು ಶಾಲೆಯ ಮೇಷ್ಟ್ರು ಎಷ್ಟು ತಿಳಿಸಿ ಹೇಳಿದರೂ ದೊಡ್ಡಪ್ಪ ನಂಬಲಿಲ್ಲ. ತಮ್ಮನ್ನು ಕೋರ್ಟಿನಿಂದ ದೂರ ಇಡಬೇಕೆಂದೇ ರಾಜ್ಯಗಳನ್ನು ಹೀಗೆ ಸೇರಿಸಿದ್ದು ಎಂದು ಅವರು ದೃಢವಾಗಿ ತಿಳಿದಿದ್ದರು.

ಮಡಿಕೇರಿಯ ಕೋರ್ಟು ಕೈಬಿಟ್ಟ ಮೇಲೆ ಮನೆಯೇ ಕೋರ್ಟಾಯಿತು. ಒಂದು ದಿನ ಬೆಕ್ಕು ಹಾಲು ಕುಡಿಯಿತೆಂದು ದೊಡ್ಡಮ್ಮ ದೂರು ತಂದರು. ಬೆಕ್ಕಿನ ಮೀಸೆಯಲ್ಲಿ ಹಾಲಿನ ಕೆನೆ ಇನ್ನೂ ಅಂಟಿಕೊಂಡಿತ್ತು. ದೊಡ್ಡಪ್ಪ ಅದನ್ನು ಸಾಂದರ್ಭಿಕ ಸಾಕ್ಷಿ ಎಂದು ತಳ್ಳಿಹಾಕಿ, ಕುಡಿಯುವಾಗ ಕಣ್ಣಾರೆ ಕಂಡವರು ಯಾರೂ ಇಲ್ಲದ ಕಾರಣ ಬೆಕ್ಕನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿದರು. ಮೇಲಿನ ಕೋರ್ಟಾದ ದೊಡ್ಡಮ್ಮ ತಕ್ಷಣವೇ ತೀರ್ಪು ತಿರುಗಿಸಿದರು: ಬೆಕ್ಕಿಗೆ ಪೊರಕೆ ಸೇವೆ, ದೊಡ್ಡಪ್ಪನಿಗೆ ಹಾಲಿಲ್ಲದ ಕಾಫಿ.

ಮುಂದೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಅಷ್ಟೇ. ಎಲ್ಲರೂ ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳಿದರೆ, ನಮ್ಮ ಮನೆಯಲ್ಲಿ ಹುಡುಗನಿಗೆ ಪಾಟೀಸವಾಲು! ಕಳೆದ ಶುಕ್ರವಾರ ಸಂಜೆ ಎಲ್ಲಿದ್ದಿರಿ ಎಂದು ದೊಡ್ಡಪ್ಪ ಒಂದೇ ಸಮನೆ ಕೇಳಿದ್ದಕ್ಕೆ ಆತ ಬೆವತು, ಅಪ್ಪನಿಗೆ ಸುಳ್ಳು ಹೇಳಿ ಟೂರಿಂಗ್ ಟಾಕೀಸಿಗೆ ಹೋಗಿದ್ದನ್ನು ಅಪ್ಪನ ಎದುರಿಗೇ ಒಪ್ಪಿಕೊಂಡ. ನಿಜ ಹೇಳುವ ಹುಡುಗ ಎಂದು ದೊಡ್ಡಪ್ಪ ಅಲ್ಲೇ ಸಂಬಂಧ ಗಟ್ಟಿ ಮಾಡಿಬಿಟ್ಟರು. ಆ ಹುಡುಗ ಈಗ ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದಾರೆ.

ನಾನು ಈಗ ಹೇಳಹೊರಟಿರುವುದು ಅದಕ್ಕೂ ಮೊದಲಿನ ಕಥೆ. ನಾನು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದೆ. ರಜೆಗೆ ಬರುವಾಗ ಗೆಳತಿಯಿಂದ ಒಂದು ಕಾದಂಬರಿ ಕಡ ತಂದಿದ್ದೆ. ಪೂರ್ತಿ ಕೋರ್ಟಿನಲ್ಲೇ ನಡೆಯುವ ಕೊಲೆ ಕೇಸು. ಅದರ ಕೊನೆ ಓದಿದವರು ಯಾರಿಗೂ ಹೇಳಬಾರದೆಂದು ಹಾಸ್ಟೆಲಿನಲ್ಲಿ ಹುಡುಗಿಯರೆಲ್ಲ ಆಣೆ ಇಟ್ಟುಕೊಂಡಿದ್ದರು. ನಾನು ಓದಲು ಕೂರುವಷ್ಟರಲ್ಲಿ ದೊಡ್ಡಪ್ಪ ಪುಸ್ತಕವನ್ನು ಜಪ್ತಿ ಮಾಡಿದರು! ಇಂಥ ಕೇಸನ್ನು ಒಬ್ಬೊಬ್ಬರೇ ಓದುವಂತಿಲ್ಲ, ಬಹಿರಂಗ ವಿಚಾರಣೆಯೇ ಆಗಬೇಕು ಎಂದರು. ಯಾರೂ ಕದ್ದು ನೋಡದಿರಲೆಂದು ಕೊನೆಯ ಅಧ್ಯಾಯದ ಹಾಳೆಗಳನ್ನು, ತಾವೂ ಓದದೆ, ಗೋಣಿ ಹೊಲಿಯುವ ದಬ್ಬಣದಿಂದ ಹೊಲಿದುಬಿಟ್ಟರು. ಗೆಳತಿಗೆ ಏನು ಉತ್ತರ ಕೊಡಲಿ ಎಂದು ನಾನು ಅತ್ತದ್ದು ದಾಖಲಾಗಲೇ ಇಲ್ಲ.

ಕಾಫಿ ಕುಯ್ಲಿನ ಕಾಲ. ಸಂಜೆ ಇಬ್ಬನಿ ಇಳಿಯುವ ಮೊದಲು ಕಣದಲ್ಲಿ ಹರಡಿದ ಕಾಫಿಯನ್ನು ರಾಶಿ ಮಾಡಿ ಗೋಣಿ ತಾಟು ಹೊದಿಸಬೇಕು. ಅದು ಮುಗಿದ ಮೇಲೆ ಕಣದ ಅಂಚಿನಲ್ಲಿ ಲಾಟೀನು ಹಚ್ಚಿಕೊಂಡು ವಿಚಾರಣೆ ಶುರು. ದೊಡ್ಡಪ್ಪ ಓದುವವರು. ಡಿಸ್ಪೆನ್ಸರಿಯ ಕಾಂಪೌಂಡರು, ಶಾಲೆಯ ಮೇಷ್ಟ್ರು, ದೊಡ್ಡಮ್ಮ, ಕಣದ ಕೆಲಸದ ಸಣ್ಣಮ್ಮ ಇಷ್ಟು ಜನ ಅಸೆಸರುಗಳು. ನಾನು ದೊಡ್ಡಪ್ಪನ ಪಕ್ಕದಲ್ಲಿ ಲಾಟೀನು ಎತ್ತಿ ಹಿಡಿಯುವವಳು.

ಸಣ್ಣಮ್ಮನ ವಿಷಯ ಇಲ್ಲಿ ಹೇಳಬೇಕು. ಅವಳ ಒಬ್ಬನೇ ಮಗ ಆಗ ಮಡಿಕೇರಿಯ ಜೈಲಿನಲ್ಲಿದ್ದ. ಸಂತೆಯಲ್ಲಿ ಎರಡು ಗುಂಪಿನ ನಡುವೆ ಹೊಡೆದಾಟವಾಗಿ ಒಬ್ಬ ಸತ್ತಿದ್ದ. ಹೊಡೆದದ್ದು ಇವನೇ ಎಂದು ಪೊಲೀಸರು, ಇವನಲ್ಲ ಎಂದು ಸಣ್ಣಮ್ಮ. ಕೇಸು ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆಗೆ ಬರುವುದರಲ್ಲಿತ್ತು. ಬೆಕ್ಕಿನ ಕೇಸಿಗೂ ಅಭಿಪ್ರಾಯ ಕೊಡುವ ದೊಡ್ಡಪ್ಪ ಇದೊಂದರಲ್ಲಿ ಮಾತ್ರ ತುಟಿ ಬಿಚ್ಚಿರಲಿಲ್ಲ. ಅವಳಿಗೂ ಊರಿನ ಮಾತು ಕೇಳಿ ಕೇಳಿ ಸಾಕಾಗಿ, ಯಾರ ಜೊತೆಗೂ ಹೆಚ್ಚು ಮಾತಿರಲಿಲ್ಲ. ಕಥೆ ಕೇಳುವುದಕ್ಕೆ ಮಾತ್ರ ತಪ್ಪದೆ ಬಂದು ಕೂರುತ್ತಿದ್ದಳು.

ಕಾದಂಬರಿಯ ಕೇಸು ಹೀಗೆ. ಬೊಂಬಾಯಿಯ ಸಾಹುಕಾರನೊಬ್ಬ ಕೊಲೆಯಾಗಿದ್ದಾನೆ. ಅವನ ಕಾರಿನ ಡ್ರೈವರ್ ಹುಡುಗ ಕಟಕಟೆಯಲ್ಲಿದ್ದಾನೆ. ಹುಡುಗನ ತಾಯಿ ದಿನವೂ ಕೋರ್ಟಿನ ಬಾಗಿಲಲ್ಲಿ ನಿಂತಿರುತ್ತಾಳೆ. ಒಬ್ಬ ದೊಡ್ಡ ವಕೀಲ ಕಾಸು ಮುಟ್ಟದೆ ಅವನಿಗಾಗಿ ವಾದಿಸುತ್ತಾನೆ. ಅನುಮಾನವೆಲ್ಲ ಸಾಹುಕಾರನ ಪಾಲುದಾರನ ಕಡೆ ವಾಲುತ್ತ ಹೋಗುತ್ತದೆ. ನಾವೆಲ್ಲ ಅದರಲ್ಲಿ ಎಷ್ಟು ಮುಳುಗಿಹೋಗಿದ್ದೆವೆಂದರೆ, ಡಿಸ್ಪೆನ್ಸರಿಯಲ್ಲಿ ಕೆಮ್ಮಿನ ಔಷಧಿ ಕೇಳಿದವರಿಗೆ ಕಾಂಪೌಂಡರು ಪಾಲುದಾರನ ಚಾರಿತ್ರ್ಯ ಹೇಳುತ್ತಿದ್ದರು.

ಹೊಲಿದ ಅಧ್ಯಾಯದ ಹತ್ತಿರ ಬಂದಾಗ ದೊಡ್ಡಪ್ಪ ಪುಸ್ತಕ ಮಡಚಿ, ಅಸೆಸರುಗಳು ಅಭಿಪ್ರಾಯ ಹೇಳಬೇಕೆಂದರು. ಪಾಲುದಾರನೇ ಎಂದು ಕಾಂಪೌಂಡರು. ಸಾಹುಕಾರನ ಡಾಕ್ಟರೇ ಎಂದು ಮೇಷ್ಟ್ರು. ಇದನ್ನು ಅವರು ಹೇಳಿದ್ದು ಕಾಂಪೌಂಡರ ಮುಖ ನೋಡುವುದಕ್ಕೆ ಇರಬೇಕು. ಇಷ್ಟು ದಿನ ಅಡಿಗೆ ಕೆಲಸ ಕೆಡಿಸಿದ ಆ ಬರೆದವನೇ ಅಪರಾಧಿ ಎಂದು ದೊಡ್ಡಮ್ಮ. ಸಣ್ಣಮ್ಮ ಮಾತ್ರ ಮೆಲ್ಲಗೆ, "ಆ ಹುಡ್ಗ ಮಾಡಿಲ್ಲ ಗೌಡ್ರೇ" ಎಂದಳು.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. ಹುಡುಗನೇ ಕೊಂದದ್ದು ಎಂದು ಸಾರಿದರು. ಕೊಲೆಯಾದ ಮರುದಿನ ಜಡಿಮಳೆ ಹೊಯ್ಯುತ್ತಿರುವಾಗ ಅವನು ಕಾರು ತೊಳೆಯುತ್ತಿದ್ದನೆಂದು ನಡುವೆ ಎಲ್ಲೋ ಒಂದು ಸಾಲು ಬಂದಿತ್ತಂತೆ. ಮಳೆಯಲ್ಲಿ ಯಾವನಾದರೂ ಕಾರು ತೊಳೆಯುತ್ತಾನೆಯೇ? ರಕ್ತದ ಕಲೆ ಇಲ್ಲದಿದ್ದರೆ ಯಾಕೆ ತೊಳೆಯಬೇಕು? ವಕೀಲನಿಗೆ, ತಾಯಿಗೆ, ಇಡೀ ಕೋರ್ಟಿಗೆ ಅವನು ಟೋಪಿ ಹಾಕಿದ್ದಾನೆ! ದೊಡ್ಡಪ್ಪ ಎಷ್ಟು ಉಮೇದಿನಲ್ಲಿದ್ದರೆಂದರೆ, ಸಣ್ಣಮ್ಮ ತಲೆ ತಗ್ಗಿಸಿದ್ದನ್ನು ನೋಡಲಿಲ್ಲ. ದೊಡ್ಡಮ್ಮ ಮಾತ್ರ ಗಂಡನನ್ನು ಸುಟ್ಟುಬಿಡುವಂತೆ ನೋಡಿದರು.

ಮರುದಿನ ಸಂಜೆ ಸಣ್ಣಮ್ಮ ಬರಲಿಲ್ಲ. ದಬ್ಬಣ, ಕತ್ತರಿ ಎಲ್ಲ ಸಿದ್ಧವಾಗಿದ್ದವು. ಕಾಂಪೌಂಡರು ಕುಳಿತಲ್ಲಿ ಕೂರಲಾರದೆ ಒದ್ದಾಡುತ್ತಿದ್ದರು. ದೊಡ್ಡಪ್ಪ ಅವಳು ಕೂರುತ್ತಿದ್ದ ಜಾಗವನ್ನೇ ಸ್ವಲ್ಪ ಹೊತ್ತು ನೋಡಿ, ಅಸೆಸರ್ ಒಬ್ಬರು ಗೈರುಹಾಜರಾದ್ದರಿಂದ ಕೋರ್ಟನ್ನು ಮುಂದೂಡಲಾಗಿದೆ ಎಂದು ಎದ್ದುಬಿಟ್ಟರು. ಅದರ ಮರುದಿನವೂ ಹಾಗೆಯೇ. ಕೊನೆಗೆ ದೊಡ್ಡಮ್ಮ ತಾವೇ ಹೋಗಿ ಅವಳನ್ನು ಕರೆದುಕೊಂಡು ಬಂದರು. ಬೆಳಗಾದರೆ ಮಗನ ವಿಚಾರಣೆ, ಮೊದಲ ಬಸ್ಸಿಗೇ ಮಡಿಕೇರಿಗೆ ಹೊರಡಬೇಕು ಎಂದು ಅವಳು ಬರುವುದಕ್ಕೆ ಒಪ್ಪಿರಲಿಲ್ಲವಂತೆ. ಬಂದವಳು ಕಣದ ಮೂಲೆಯಲ್ಲಿ ಮುಖ ಕಾಣದ ಹಾಗೆ ಕುಳಿತಳು.

ದೊಡ್ಡಪ್ಪ ಹೊಲಿಗೆ ಬಿಚ್ಚಿ ಓದತೊಡಗಿದರು. ವಕೀಲನ ಕೊನೆಯ ವಾದ, ಜಡ್ಜಿಯ ತೀರ್ಪು. ಹುಡುಗನಿಗೆ ಬಿಡುಗಡೆ! ಕಾಂಪೌಂಡರು ತೊಡೆ ತಟ್ಟಿದರು. ಸಣ್ಣಮ್ಮ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆದರೆ ಇನ್ನೂ ಒಂದೆರಡು ಹಾಳೆ ಉಳಿದಿತ್ತು. ದೊಡ್ಡಪ್ಪ ಹಾಳೆ ತಿರುಗಿಸಿದರು, ಕಣ್ಣಾಡಿಸಿದರು. ಕೆಮ್ಮಿದರು. ಕನ್ನಡಕ ತೆಗೆದು ಒರೆಸಿಕೊಂಡರು. ನೀರು ತರಿಸಿ ಕುಡಿದರು. ಆಮೇಲೆ ತೀರಾ ನಿಧಾನವಾಗಿ, ತಡವರಿಸುತ್ತ ಓದು ಮುಂದುವರಿಯಿತು.

ಅಬ್ಬಾ, ಅದೇನು ಕೊನೆಯಪ್ಪಾ ಅದು! ಪಾಲುದಾರ ತಾನಾಗಿ ಪೊಲೀಸ್ ಠಾಣೆಗೆ ಬಂದು, ರಾತ್ರಿಯೆಲ್ಲ ನಿದ್ದೆ ಬರುತ್ತಿಲ್ಲ ಸ್ವಾಮೀ ಎಂದು ತಪ್ಪೊಪ್ಪಿಕೊಂಡ. ಹುಡುಗ ಬೊಂಬಾಯಿಯ ಕೋರ್ಟಿನಿಂದ ಹೊರಟು, ಗದ್ದೆಯ ಬದುವಿನ ಮೇಲೆ ನಡೆದುಕೊಂಡು ಮನೆ ಸೇರಿದ. ತಾಯಿ ಅವನಿಗೆ ಬಿಸಿನೀರು ಕಾಯಿಸಿ ತಲೆಗೆ ಹುಯ್ದಳು. ಕಡುಬು, ಕಳಲೆ ಪಲ್ಯ ಬಡಿಸಿದಳು. ಮಳೆಗಾಲದಲ್ಲಿ ಬಿದಿರು ಮೊಳೆತಾಗ ಸಿಗುವ ಕಳಲೆ ಈ ಚಳಿಗಾಲದಲ್ಲಿ ಅವಳಿಗೆ ಎಲ್ಲಿ ಸಿಕ್ಕಿತು ಎಂದು ದೊಡ್ಡಮ್ಮ ಆಕ್ಷೇಪಣೆ ಎತ್ತಿದರು. ಬೊಂಬಾಯಿಯಲ್ಲಿ ಎಲ್ಲ ಕಾಲಕ್ಕೂ ಸಿಗುತ್ತದೆ ಎಂದು ದೊಡ್ಡಪ್ಪ ಗದರಿದರು.

ನನಗೆ ತಡೆಯಲಾಗಲಿಲ್ಲ. ಲಾಟೀನು ಹಿಡಿದ ಹಾಗೆಯೇ ಬಗ್ಗಿ ಪುಟ ನೋಡಿದೆ.

ಪುಟದಲ್ಲಿ ಕಡುಬೂ ಇರಲಿಲ್ಲ, ಕಳಲೆಯೂ ಇರಲಿಲ್ಲ. ಬಿಡುಗಡೆಯಾದ ಹುಡುಗ ವಕೀಲನ ಕಾರಿನಲ್ಲಿ ಕುಳಿತು ನಗುತ್ತಿದ್ದ. ಸಾಹುಕಾರನನ್ನು ಕೊಂದದ್ದು ತಾನೇ, ಕಾರಿನಲ್ಲೇ, ಮಳೆಯಲ್ಲಿ ನಿಂತು ರಕ್ತ ತೊಳೆದೆ ಎಂದು ಹೇಳುತ್ತಿದ್ದ.

ಹೌದು! ಜೀವಮಾನದಲ್ಲಿ ಮೊದಲ ಬಾರಿಗೆ ನಮ್ಮ ದೊಡ್ಡಪ್ಪನ ಅಭಿಪ್ರಾಯ ಸರಿಯಾಗಿತ್ತು. ಜಡ್ಜಿಗೆ ತಿಳಿಯದ್ದು, ಬೊಂಬಾಯಿ ವಕೀಲನಿಗೆ ತಿಳಿಯದ್ದು ಇವರಿಗೆ ತಿಳಿದಿತ್ತು. ಅಚ್ಚಾದ ಪುಟವನ್ನು ಎತ್ತಿ ತೋರಿಸಿದ್ದರೆ ಸಾಕಾಗಿತ್ತು, ಇಡೀ ಕೊಡ್ಲಿಪೇಟೆ ಅವರಿಗೆ ಕೈಮುಗಿಯುತ್ತಿತ್ತು. ಅವರು ನನ್ನ ಕಡೆ ಒಮ್ಮೆ ನೋಡಿದರು. ಸರಿಯಾದ ಹೊತ್ತಿಗೆ ಹಾಳೆ ಮಗುಚುತ್ತ, ಇಲ್ಲದ ಸಾಲುಗಳನ್ನು ಓದುತ್ತಲೇ ಹೋದರು. ತಾಯಿ ಮಗನ ತಟ್ಟೆಗೆ ಇನ್ನೊಂದು ಕಡುಬು ಹಾಕಿದಳು ಎಂಬಲ್ಲಿಗೆ ಪುಸ್ತಕ ಮುಚ್ಚಿದರು.

ಅಭಿಪ್ರಾಯಗಳು ಶುರುವಾದವು. ಅಷ್ಟು ಚೆನ್ನಾಗಿ ಬರೆದವನು ಕೊನೆಯಲ್ಲಿ ಸಪ್ಪೆ ಮಾಡಿಬಿಟ್ಟ ಎಂದು ಮೇಷ್ಟ್ರು. ಕೊನೆ ಹಾಗಿರಲಿ, ಭಾಷೆಯೇ ಕೆಟ್ಟುಹೋಯಿತು, ಯಾರೋ ಬೇರೆಯವರು ಬರೆದ ಹಾಗಿದೆ ಎಂದು ಕಾಂಪೌಂಡರು. ಆಮೇಲೆ ಅವರು ದೊಡ್ಡಪ್ಪನ ಕಡೆ ತಿರುಗಿ, "ಅಸೆಸರ್ ಸಾಹೇಬ್ರೇ, ಇದ್ರಲ್ಲೂ ಬಿದ್ದು ಹೋದ್ರಲ್ಲ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಳೆಯಲ್ಲಿ ಕಾರು ತೊಳೆಯುವ ವಿಷಯ ಎತ್ತಿ ಮೇಷ್ಟ್ರೂ ನಕ್ಕರು. ಬೆಕ್ಕಿನ ತೀರ್ಪಿಗೂ ಸೋಲೊಪ್ಪದ ದೊಡ್ಡಪ್ಪ ಸುಮ್ಮನೆ ತಲೆಯಾಡಿಸಿದರು.

ಸಣ್ಣಮ್ಮ ಹೊರಡಲು ಎದ್ದಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ನಗುವಿತ್ತು.

"ನಾ ಹೇಳಿರ್ಲಿಲ್ವಾ ಗೌಡ್ರೇ?"

"ಹೇಳಿದ್ದೆ ಸಣ್ಣಮ್ಮ. ನೀ ಹೇಳಿದ್ದೇ ಸರಿ. ನಂದೇ ತಪ್ಪು" ಎಂದರು ದೊಡ್ಡಪ್ಪ.

ಎಲ್ಲರೂ ಹೋದ ಮೇಲೆ ನಾನು ಪುಸ್ತಕ ಇಸಿದುಕೊಂಡೆ. ನೀವು ಹೇಳಿದ್ದೇ ಸರಿ ಇತ್ತಲ್ಲ, ಯಾಕೆ ದೊಡ್ಡಪ್ಪ ಹೀಗೆ ಮಾಡಿದಿರಿ ಎಂದು ಕೇಳಿದೆ. ಅವರು ಕಾಫಿ ರಾಶಿಯ ಮೇಲಿನ ತಾಟನ್ನು ಎಳೆದು ಸರಿಮಾಡುತ್ತಿದ್ದರು. ಎಳೆಯುತ್ತಲೇ ಹೇಳಿದರು:

"ಅವಳ ಮಗ ಏನು ಮಾಡಿದಾನೋ ನಂಗೊತ್ತಿಲ್ಲ ಕಣವ್ವ. ನಾಳೆ ಜಡ್ಜಿ ಏನು ಹೇಳ್ತಾರೋ ಅದೂ ಗೊತ್ತಿಲ್ಲ. ಇವತ್ತೊಂದು ರಾತ್ರಿ ಅವಳು ನಿದ್ದೆ ಮಾಡ್ಲಿ."

ಯಾವತ್ತೂ ನಗಿಸಿಯೇ ಗೊತ್ತಿದ್ದ ನಮ್ಮ ದೊಡ್ಡಪ್ಪನ ಎದುರು ನಾನು ಆ ದಿನ ಅತ್ತುಬಿಟ್ಟೆ. ಯಾಕೆ ಅಳುತ್ತೀ ಎಂದು ಅವರು ಕೇಳಲಿಲ್ಲ. ತಾಟಿನ ಇನ್ನೊಂದು ಅಂಚು ಹಿಡಿದುಕೋ, ಇಬ್ಬನಿ ಬೀಳುತ್ತಿದೆ ಎಂದರು.