ಬರಿಗೋಡೆಯ ಮರ್ಯಾದೆ

ಮೇಡಂ ಬರುತ್ತಾರೆಂದು ಕೇಳಿದ್ದೇ ತಡ, ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಅಜ್ಜಿ ಸೆರಗು ಸಿಕ್ಕಿಸಿದರೆಂದರೆ ಮುಗಿಯಿತು, ಇನ್ನು ಆ ಬ್ರಹ್ಮ ಬಂದರೂ ತಡೆಯಲಾರ.

ಅಜ್ಜಿಯ ಮಹಡಿ ಕೋಣೆಗೆ ಬಾಡಿಗೆಗೆ ಬಂದ ಹುಡುಗಿ ಬೆಳೆದದ್ದು ಬಾಲಮಂದಿರದಲ್ಲಿ. ಹದಿನೆಂಟು ತುಂಬಿತು, ಹೊರಗೆ ಬಂದಳು, ಬೇಕರಿಯಲ್ಲಿ ಕೆಲಸ ಹಿಡಿದಳು. ಅಲ್ಲಿನ ಅಭ್ಯಾಸ ಮಾತ್ರ ಅವಳನ್ನು ಬಿಟ್ಟಿರಲಿಲ್ಲ. ಅಜ್ಜಿ ಊಟಕ್ಕೆ ಕರೆದರೆ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಸಾಲಾಗಿ ನಿಲ್ಲುವಳು. (ಸಾಲಿನಲ್ಲಿ ಅವಳೊಬ್ಬಳೇ.)

"ಯಾರ ಹಿಂದೆ ನಿಂತಿದ್ದೀಯೇ ತಾಯಿ, ಒಳಗೆ ಬಾ!" ಎಂದು ಅಜ್ಜಿ ದಿನಾ ಗದರುತ್ತಿದ್ದರು.

"ಅಜ್ಜಿ, ನಮ್ಮಂಥವರು ಹೊಸದಾಗಿ ಮನೆ ಮಾಡಿದ್ರೆ ಸರ್ಕಾರದಿಂದ ಮಂಚ, ಒಲೆ, ಪಾತ್ರೆ ಕೊಡ್ತಾರೆ. ನಾಳೆ ಇಲಾಖೆ ಮೇಡಂ ರೂಮ್ ನೋಡೋಕೆ ಬರ್ತಾರೆ."

"ನೋಡೋಕೆ ಏನಿದೆ ಅಲ್ಲಿ? ಒಂದು ಚಾಪೆ, ಒಂದು ಬಕೆಟ್ಟು! ನನ್ನ ಮನೆ ಮರ್ಯಾದೆ ಏನಾಗ್ಬೇಕು?"

"ಅಯ್ಯೋ ಅಜ್ಜಿ, ಏನೂ ಇಲ್ಲ ಅಂತ ತೋರಿಸೋಕೇ..."

"ಬಾಯ್ಮುಚ್ಚು. ಇಲ್ಲದ್ದನ್ನ ಯಾರಾದ್ರೂ ತೋರಿಸ್ತಾರಾ?"

ಮರುದಿನ ಹುಡುಗಿ ಬೇಕರಿಗೆ ಹೋದದ್ದೇ ಗೃಹಾಲಂಕಾರ ಮಹಾಯಜ್ಞ ಶುರುವಾಯಿತು. ಪಕ್ಕದ ಮನೆಯ ಬಡಗಿಯನ್ನು ಹಿಡಿದು ತಂದು, ದಿವಂಗತ ಯಜಮಾನರ ಮಂಚವನ್ನು ಮೆಟ್ಟಿಲು ಹತ್ತಿಸಿದರು. (ಬದುಕಿದ್ದಾಗ ಯಜಮಾನರು ಅದನ್ನು ಒಂದಿಂಚು ಸರಿಸಲು ಬಿಟ್ಟವರಲ್ಲ.) ಅದರ ಹಿಂದೆ ಒಲೆ, ಸಿಲಿಂಡರು, ಪಾತ್ರೆ, ಪರದೆ, ಕಡೆಗೆ ಗೋಡೆ ಗಡಿಯಾರವೂ ಹೊರಟಿತು.

ಮಧ್ಯಾಹ್ನ ಹುಡುಗಿಯ ಜೊತೆ ಬಂದ ಮೇಡಂ ಸುತ್ತ ಕಣ್ಣಾಡಿಸಿದರು.

"ಭರ್ಜರಿ ಸಂಸಾರ ಹೂಡಿದ್ದೀಯಲ್ಲಮ್ಮ! ಇನ್ನು ನಾವೇನು ಕೊಡೋದು? ಏನೂ ಇಲ್ಲದ ಮಕ್ಕಳು ಬೇಕಾದಷ್ಟಿದ್ದಾರೆ."

ಹುಡುಗಿಯ ಮುಖ ಉಬ್ಬದ ಬ್ರೆಡ್ಡಿನಂತೆ ಕುಸಿಯಿತು. ಅಜ್ಜಿಗೆ ಆಗ ಹೊಳೆಯಿತು, ತಾವು ಮಾಡಿದ ಘನಕಾರ್ಯ.

"ಇದೆಲ್ಲ ನಂದು ಕಣ್ರೀ! ಇವಳದ್ದು ಅಂತ ಇರೋದು ಆ ಚಾಪೆ, ಬಕೆಟ್ಟು ಅಷ್ಟೇ!"

"ಎಲ್ಲ ಮನೆಯಲ್ಲೂ ಹೀಗೇ ಹೇಳ್ತಾರೆ ಅಜ್ಜಿ."

"ಹಾಗಾದ್ರೆ ಕೆಳಗೆ ಬನ್ನಿ!" ಎಂದವರೇ ಮೇಡಂ ಕೈ ಹಿಡಿದು ಎಳೆದುಕೊಂಡೇ ಹೋದರು.

ಕೆಳಗೆ ಬಟ್ಟಬಯಲು. ಮಂಚವಿದ್ದಲ್ಲಿ ಕಾಲುಗಳ ಗುರುತು, ಗಡಿಯಾರವಿದ್ದಲ್ಲಿ ಮೊಳೆ. ಮೇಡಂ ನಂಬಿದರು. ಹುಡುಗಿಗೆ ಬರಬೇಕಾದ್ದೆಲ್ಲ ಬರುತ್ತದೆ ಎಂದರು. ಗೆದ್ದೆನೆಂದು ಅಜ್ಜಿ ಸೆರಗು ಸಡಿಲಿಸುವಷ್ಟರಲ್ಲಿ ಮೇಡಂ ಕಣ್ಣೊರೆಸಿಕೊಂಡರು.

"ಇರೋದನ್ನೆಲ್ಲ ಕೊಟ್ಟು ಒಬ್ಬರೇ ಬರಿ ನೆಲದ ಮೇಲೆ ಇದ್ದೀರಾ? ಈ ವಯಸ್ಸಲ್ಲಿ ಊಟಕ್ಕೇನು ಗತಿ? ಒಳ್ಳೆ ವೃದ್ಧಾಶ್ರಮ ಇದೆ, ಇವತ್ತೇ ಮಾತಾಡ್ತೀನಿ."

ಅಜ್ಜಿ ಒಂದು ಹೆಜ್ಜೆ ಹಿಂದೆ ಸರಿದರು. ಜೀವಮಾನದಲ್ಲಿ ಮೊದಲ ಸಲ.

"ಬೇಡ ಮೇಡಂ," ಎಂದಳು ಹುಡುಗಿ, ದುಪ್ಪಟ್ಟವನ್ನು ಸೊಂಟಕ್ಕೆ ಬಿಗಿಯುತ್ತ. "ಅಲ್ಲಿ ಗಂಟೆ ಹೊಡೆದು ಎಬ್ಬಿಸ್ತಾರೆ, ಇವರು ಏಳೋರಲ್ಲ. ಅಜ್ಜಿ ಒಬ್ಬರೇ ಅಲ್ಲ, ನಾನಿದ್ದೀನಿ. ಇವತ್ತಿಂದ ಇವರ ಊಟದ ಹೊಣೆ ನಂದು."

"ಮಾತು ತಪ್ಪಬಾರದು. ಆಗಾಗ ಬಂದು ನೋಡ್ತೀನಿ."

ಮಂಚ, ಗಡಿಯಾರ ಅಂದೇ ಕೆಳಗಿಳಿದವು. ಅಡುಗೆ ಮಾತ್ರ ಮಹಡಿಯಲ್ಲೇ ಉಳಿಯಿತು, ಸರ್ಕಾರದ ಹೊಸ ಒಲೆ ಬಂದ ಮೇಲೂ. ಮೇಡಂ ಯಾವಾಗ ಬಂದಾರೋ ಎಂಬ ಭಯಕ್ಕೆ ಅಜ್ಜಿ ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಾರೆ.

"ಸಾಲಲ್ಲಿ ಬನ್ನಿ ಅಜ್ಜಿ, ನುಗ್ಗಬೇಡಿ!" ಎಂದು ಒಳಗಿನಿಂದ ಕೇಳುತ್ತದೆ.

ಅಜ್ಜಿ ಹಿಂದೆ ಮುಂದೆ ನೋಡುತ್ತಾರೆ. ಯಾರೂ ಇಲ್ಲ. ಆದರೂ ಗೋಡೆಗೆ ಒತ್ತಿಕೊಂಡು ನೆಟ್ಟಗೆ ನಿಲ್ಲುತ್ತಾರೆ.