ಬ್ಯಾಟಿ ಫೋಟೋ ತೆಗೆದರೆ ಕಾರ್ಡೇ ಗತಿ

ನನ್ನ ಗಂಡ ಬ್ಯಾಟಿ ಬಸ್ಸು ಓಡಿಸುವ ಕೆಲಸದಿಂದ ನಿವೃತ್ತನಾದ ದಿನ ಡಿಪೋದವರು ಅವನ ಕೊರಳಿಗೆ ಒಂದು ಕ್ಯಾಮೆರಾ ತೂಗುಹಾಕಿ ಕಳಿಸಿದರು. ಎಲ್ಲರಿಗೂ ಕೊಡುವ ಹಾಗೆ ಗಡಿಯಾರ ಕೊಟ್ಟಿದ್ದರೆ ಗೋಡೆಗೆ ಮೊಳೆ ಹೊಡೆದು ಮರೆತುಬಿಡಬಹುದಿತ್ತು. ಅವತ್ತು ಸಂಜೆ ಬೇಯಿಸಿದ ಹಂದಿಕಾಲು ಚೀಪುತ್ತಾ ಈ ಮಹಾರಾಯ, ನಾಳೆಯಿಂದ ದಿನಾ ಊರು ಸುತ್ತಿ ಫೋಟೋ ತೆಗೆಯುವುದಾಗಿ ಘೋಷಿಸಿದ. ಆ ತಿರುಗಾಟಗಳ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಹಾಗೆ, ಹಂದಿಕಾಲಿನ ಮೂಳೆಗಳ ನಡುವೆ.

"ಈ ಕಾರ್ಕ್ ಊರಿನ ಎಲ್ಲಾ ರಸ್ತೇಲೂ ಬಸ್ಸು ಓಡ್ಸಿದೀಯಲ್ಲ, ಇನ್ನೇನ್ ನೋಡೋದಿದೆ?" ಎಂದು ಕೇಳಿದೆ.

"ಬಸ್ಸು ಓಡ್ಸೋನಿಗೆ ಮುಂದಿನ ಬಸ್ಸಿನ ಹಿಂಭಾಗ ಬಿಟ್ಟು ಬೇರೇನೂ ಕಾಣ್ಸಲ್ಲ ಕಣೇ," ಅಂದ.

ಅವನ ಪಾರಿವಾಳದ ಹುಚ್ಚನ್ನು ಬಿಡಿಸಿದವಳು ನಾನು. ಅಕಾರ್ಡಿಯನ್ ಹುಚ್ಚನ್ನು ಬಿಡಿಸಿದವಳೂ ನಾನೇ, ಅದಕ್ಕೆ ಬೀದಿಯವರೆಲ್ಲ ನನಗೆ ಋಣಿಗಳು. ಈ ಮನುಷ್ಯನನ್ನು ಈಸ್ಟರ್ ಒಳಗೆ ಒಲೆಯ ಪಕ್ಕದ ಕುರ್ಚಿಗೆ ವಾಪಸು ತಂದು ಕೂರಿಸದಿದ್ದರೆ ನಾನು ಡೆಲಿಯಾ ಹೆಗಾರ್ಟಿಯೇ ಅಲ್ಲ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ. ಉಪಾಯವೂ ಸಿದ್ಧವಾಗಿತ್ತು. ಜೊತೆಯಲ್ಲೇ ಹೋಗುವುದು, ಊರಿನ ಕಡಿದಾದ ದಿಬ್ಬಗಳನ್ನೆಲ್ಲ ಹತ್ತಿಸುವುದು, ಕಾಲು ಸೋತು ಅವನಾಗಿಯೇ ಕ್ಯಾಮೆರಾ ಮೂಲೆಗೆಸೆಯುವಂತೆ ಮಾಡುವುದು. ನಮ್ಮ ಶಾಂಡನ್ ಕಡೆ ದಿಬ್ಬಗಳಿಗೇನು ಬರವೇ? ಮೊದಲ ವಾರವೇ ಕಾಲು ಸೋತದ್ದು ನನ್ನದು.

ಮೊದಲ ರೀಲು ತೊಳೆದು ಬಂದಾಗ ನೋಡಿದರೆ ಊರಿಗೆ ಊರೇ ಬೆನ್ನು! ಬ್ಯಾಟಿಗೆ ನಾಚಿಕೆ. ಯಾರ ಎದುರಿಗೂ ನಿಂತು ಕೇಳಲಾರ. ಅವರು ದಾಟಿ ಹೋದ ಮೇಲೆ ಹಿಂದಿನಿಂದ ಒತ್ತುತ್ತಿದ್ದ. ಸೇತುವೆಯ ಮೇಲೆ ಬೆನ್ನು, ಮಾರ್ಕೆಟ್ಟಿನಲ್ಲಿ ಬೆನ್ನು, ಲೀ ನದಿಯ ದಡದಲ್ಲಿ ಮೂರು ಬೆನ್ನು ಮತ್ತು ಒಂದು ಸೀಗಲ್ ಹಕ್ಕಿ, ಅದೂ ಬಾಲ ತಿರುಗಿಸಿಕೊಂಡು. ಕೋಟು ನೋಡಿ ಎಲ್ಲರ ಗುರುತನ್ನೂ ಹೇಳಿದೆ, ಆ ಮಾತು ಬೇರೆ. ಆದರೆ ನೋಡುತ್ತಾ ನೋಡುತ್ತಾ ನನಗೇ ತಡೆಯಲಾಗಲಿಲ್ಲ. ಮಾರನೆಯ ದಿನ ದಾರಿಯಲ್ಲಿ ಸಿಕ್ಕವರ ತೋಳು ಹಿಡಿದು ನಿಲ್ಲಿಸತೊಡಗಿದೆ. ಗೋಡೆಗೆ ಒರಗಿ ನಿಲ್ಲಿ, ಟೋಪಿ ಎತ್ತಿ, ಮುಖದಲ್ಲಿ ಸ್ವಲ್ಪ ಜೀವ ಬರಲಿ ಎಂದು ಆಜ್ಞೆ ಮಾಡುವುದು ನಾನು, ಒತ್ತುವುದು ಅವನು. ಹುಚ್ಚು ಬಿಡಿಸಲು ಹೋದವಳು ಹುಚ್ಚಿಗೇ ಮ್ಯಾನೇಜರ್ ಆಗಿ ಕೂತೆ.

ಹೇಳಬಾರದು, ಚೆನ್ನಾಗಿ ತೆಗೆಯುತ್ತಿದ್ದ. ಮಾರ್ಕೆಟ್ಟಿನಲ್ಲಿ ಬೋಟಿ ಮಾರುವ ನೋನಿ ಕಾಟರ್ ಸೊಂಟದ ಮೇಲೆ ಕೈಯಿಟ್ಟು ನಕ್ಕ ಫೋಟೋ ನೋಡಿದರೆ ಆ ನಗುವಿನ ಸದ್ದು ಕೇಳಿಸಬೇಕು, ಹಾಗಿತ್ತು. ಆ ಚಳಿಗಾಲದಲ್ಲೇ ನೋನಿ ನಿದ್ದೆಯಲ್ಲಿ ತೀರಿಕೊಂಡಳು. ತುಂಬು ಜೀವನ, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ನಮ್ಮಲ್ಲಿ ಸತ್ತವರ ಹೆಸರಿನಲ್ಲಿ ತಿಂಗಳು ತುಂಬಿದಾಗ ಚರ್ಚಿನಲ್ಲಿ ಒಂದು ಬಲಿಪೂಜೆ ಮಾಡಿಸಿ, ಅವರ ಫೋಟೋ ಮತ್ತು ಪ್ರಾರ್ಥನೆ ಅಚ್ಚು ಹಾಕಿಸಿದ ಸಣ್ಣ ಕಾರ್ಡನ್ನು ಎಲ್ಲರಿಗೂ ಹಂಚುತ್ತಾರೆ. ನನ್ನ ಪ್ರಾರ್ಥನೆಯ ಪುಸ್ತಕ ಅಂಥ ಕಾರ್ಡುಗಳಿಂದ ಊದಿಕೊಂಡು ಮುಚ್ಚುವುದೇ ಇಲ್ಲ. ನೋನಿಯ ಮಗಳು ಬ್ಯಾಟಿ ತೆಗೆದ ಫೋಟೋವನ್ನೇ ಕೇಳಿ ತೆಗೆದುಕೊಂಡು ಹೋದಳು. ಕಾರ್ಡು ನೋಡಿದವರೆಲ್ಲ ಬ್ಯಾಟಿಯ ಬೆನ್ನು ತಟ್ಟಿದರು.

ಅದಾದ ಮೇಲೆ ಬಂದರಿನಲ್ಲಿ ಮೂಟೆ ಹೊರುತ್ತಿದ್ದ ಕ್ರಿಸ್ಟಿ ಹೋದ. ಕಾರ್ಡಿನ ಮೇಲೆ ಬ್ಯಾಟಿ ತೆಗೆದ ಫೋಟೋ. ಆಮೇಲೆ ಚರ್ಚಿನಲ್ಲಿ ಮೇಣದಬತ್ತಿ ಹಚ್ಚುತ್ತಿದ್ದ ಮುದುಕ ಹೋದ. ಅವನದೂ ಬ್ಯಾಟಿಯದೇ ಫೋಟೋ. ಎಲ್ಲರೂ ವಯಸ್ಸಾದವರು, ನಾವು ನಿಲ್ಲಿಸುತ್ತಿದ್ದದ್ದೇ ವಯಸ್ಸಾದವರನ್ನು, ಯಾಕೆಂದರೆ ಹರೆಯದವರು ನಿಲ್ಲುತ್ತಿರಲಿಲ್ಲ. ಇಷ್ಟು ಸುಲಭದ ಲೆಕ್ಕ ಕ್ಷೌರದಂಗಡಿಯ ಫ್ಲರಿಗೆ ಹೊಳೆಯಲಿಲ್ಲ. ಗಿರಾಕಿಯ ಗಂಟಲಿನ ಮೇಲೆ ಕತ್ತಿಯಿಟ್ಟುಕೊಂಡು ಅವನು ಸಾರಿದ್ದು ಇಷ್ಟೇ: ಬ್ಯಾಟಿ ಫೋಟೋ ತೆಗೆದರೆ ಕಾರ್ಡೇ ಗತಿ.

ಗಂಟಲಿನ ಮೇಲೆ ಕತ್ತಿ ಇದ್ದಾಗ ಕೇಳಿದ ಮಾತನ್ನು ಯಾರು ತಾನೇ ಅಲ್ಲಗಳೆಯುತ್ತಾರೆ? ವಾರದೊಳಗೆ ಶಾಂಡನ್ ದಿಬ್ಬವೆಲ್ಲ ಅದೇ ಮಾತು. ನಾವು ಕೆಳಗಿಳಿದರೆ ಮುದುಕರು ಆಚೆ ಬದಿಗೆ ದಾಟುವರು. ಮೊಣಕಾಲು ನೋವೆಂದು ವರ್ಷಾನುಗಟ್ಟಲೆ ಗೊಣಗಿದವರು ಜಿಂಕೆಗಳ ಹಾಗೆ ಗಲ್ಲಿಗಳಿಗೆ ನುಗ್ಗುವರು. ಫ್ಲರಿಯಂತೂ ನಮ್ಮನ್ನು ಕಂಡೊಡನೆ ಅಂಗಡಿಯ ಪರದೆ ಎಳೆಯುತ್ತಿದ್ದ.

ಒಬ್ಬಳೇ ಒಬ್ಬಳು ತಾನಾಗಿ ಬಂದಳು, ತೊಂಬತ್ತು ದಾಟಿದ ಮ್ಯಾಜ್ ಅಜ್ಜಿ. ತುಪ್ಪಳದ ಕಾಲರಿನ ಕೋಟು ಹಾಕಿಕೊಂಡು, ಊರುಗೋಲಿನಿಂದ ನಮ್ಮ ಬಾಗಿಲು ಬಡಿದಳು.

"ಹಲ್ಲು ಹಾಕ್ಕೊಂಡಿರೋವಾಗ್ಲೇ ಒಂದು ತೆಗೆದ್ಬಿಡಪ್ಪ. ಸೊಸೆ ಕೈಗೆ ಬಿಟ್ರೆ ನಾನು ಕೋಳಿಗೆ ಕಾಳು ಹಾಕ್ತಿರೋ ಫೋಟೋನ ಕಾರ್ಡಿಗೆ ಹಾಕ್ಸ್ತಾಳೆ ಅವ್ಳು."

ಬ್ಯಾಟಿ ತೆಗೆದುಕೊಟ್ಟ. ಅಜ್ಜಿ ಮನೆಗೆ ಹೋಗಿ ಮಲಗಿ ಕಾದಳು. ತಿಂಗಳು ಕಳೆದ ಮೇಲೆ ಮತ್ತೆ ಬಂದು, ಏನೂ ಆಗಲಿಲ್ಲವಲ್ಲ, ಬೆಳಕು ಸಾಲದೇ ಹೋಯಿತೇನೋ ಎಂದು ದೂರಿದಳು. ನೋಡಿ, ಇದೇ ಸಾಕ್ಷಿ ಎಂದು ನಾನು ಬೀದಿಯಲ್ಲೆಲ್ಲ ಸಾರಿದೆ. ಮ್ಯಾಜ್‌ಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಅವಳನ್ನು ಕಂಡರೆ ಸಾವೇ ರಸ್ತೆ ದಾಟುತ್ತದೆ ಎಂದು ಫ್ಲರಿ ತೀರ್ಪು ಕೊಟ್ಟ.

ಬ್ಯಾಟಿ ಜಗಳಕ್ಕೆ ಹೋಗುವವನಲ್ಲ. ಒಂದು ಸೋಮವಾರ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟ.

"ಜನ ಹೆದರ್ತಾರೆ ಡೆಲಿಯಾ. ವಯಸ್ಸಾದೋರನ್ನ ಯಾಕೆ ಓಡಿಸ್ಬೇಕು, ಬಿದ್ದುಗಿದ್ದಾರು," ಅಂದ.

ಹೋಗಿ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತ. ಈಸ್ಟರ್‌ಗೆ ಇನ್ನೂ ದಿನವಿತ್ತು. ನನ್ನ ಶಪಥ ಗೆದ್ದಿತ್ತು, ಪಟಾಕಿ ಹೊಡೆಯುವುದೊಂದೇ ಬಾಕಿ. ಆದರೆ ಗೆದ್ದವಳಿಗೆ ಅನ್ನ ಇಳಿಯಲಿಲ್ಲ. ಊರೆಲ್ಲ ನಡೆದು ಕೆನ್ನೆ ಕೆಂಪಗಾಗಿ ಮನೆಗೆ ಬರುತ್ತಿದ್ದ ಗಂಡಸು ಈಗ ಕೆಟಲ್ ಕುದಿಯುವುದನ್ನು ನೋಡುತ್ತಾ ಕೂರುತ್ತಿದ್ದ. ಮಳೆ ನಿಂತು ಒಳ್ಳೆಯ ಬಿಸಿಲು ಬಂದಾಗ ಕಿಟಕಿಯ ಕಡೆ ಒಮ್ಮೆ ನೋಡಿ ಮುಖ ತಿರುಗಿಸುತ್ತಿದ್ದ. ಹೀಗೇ ಬಿಟ್ಟರೆ ಇವನು ಕುರ್ಚಿಯಲ್ಲೇ ಬತ್ತಿಹೋಗುತ್ತಾನೆ ಅನ್ನಿಸಿತು. ಹಾಗೆ ಬತ್ತಿಹೋದವರನ್ನು ನಮ್ಮ ಬೀದಿಯಲ್ಲೇ ನೋಡಿದ್ದೆ.

ನೆಟ್ಟಗೆ ಫ್ಲರಿಯ ಅಂಗಡಿಗೆ ನುಗ್ಗಿದೆ. ಹೆಂಗಸರು ಕಾಲಿಡದ ಜಾಗ. ಸಾಬೂನು ಹಚ್ಚಿಕೊಂಡ ಮುಖಗಳೆಲ್ಲ ಒಟ್ಟಿಗೆ ತಿರುಗಿದವು.

"ಭಾನುವಾರ ಪೂಜೆ ಮುಗಿದ್ಮೇಲೆ ಚರ್ಚಿನ ಮೆಟ್ಲ ಮೇಲೆ ಬ್ಯಾಟಿ ನನ್ನ ಫೋಟೋ ತೆಗೀತಾನೆ," ಅಂದೆ. "ನಿಮ್ಮ ಆ ಕಾರ್ಡಿನ ಕಥೆಯೆಲ್ಲ ಸುಳ್ಳು. ಬಂದು ನೋಡ್ಕೊಳಿ."

ಎದೆ ಉಬ್ಬಿಸಿಕೊಂಡು ಹೊರಗೆ ಬಂದೆ. ಮೂಲೆ ತಿರುಗುವಷ್ಟರಲ್ಲಿ ಉಬ್ಬಿದ್ದು ಇಳಿದುಹೋಯಿತು. ನನಗೇನೂ ಹೆದರಿಕೆ ಇರಲಿಲ್ಲ. ಸುಮ್ಮನೆ, ಹಾಗೇ, ಡಾಕ್ಟರ ಹತ್ತಿರ ಹೋಗಿ ರಕ್ತದೊತ್ತಡ ನೋಡಿಸಿದೆ. ಸಂತ ಅಂತೋನಿಗೆ ಒಂದು ಮೇಣದಬತ್ತಿ ಹಚ್ಚಿದೆ. ಅವನು ಕಳೆದುಹೋದ ಸಾಮಾನು ಹುಡುಕಿಕೊಡುವವನು, ಇದು ಅವನ ಇಲಾಖೆಗೆ ಬರುವುದಿಲ್ಲ, ಆದರೂ ಇರಲಿ ಎಂದು. ಈಸ್ಟರ್ ಹಬ್ಬಕ್ಕೆ ಮಾತ್ರ ಒಗೆಯುವ ಮನೆಯ ಪರದೆಗಳನ್ನೆಲ್ಲ ಇಳಿಸಿ ಒಗೆದೆ. ಹೆಣ ನೋಡಲು ಬಂದವರು ಪರದೆಯನ್ನು ನೋಡದೆ ಹೋಗುವುದಿಲ್ಲ, ನಾನೇ ಎಷ್ಟು ಮನೆಗಳಲ್ಲಿ ನೋಡಿಲ್ಲ!

"ಈಸ್ಟರ್ ಈ ಸಲ ಬೇಗ ಬಂತಾ?" ಎಂದು ಕೇಳಿದ ಬ್ಯಾಟಿ.

ಭಾನುವಾರ ಮೆಟ್ಟಿಲ ಮೇಲೆ ಜನವೋ ಜನ. ನಾನು ನೀಲಿ ಟೋಪಿ ಹಾಕಿಕೊಂಡು ನಿಂತೆ. ಬ್ಯಾಟಿ ನನ್ನ ಮುಖ ನೋಡಿ, ಬೇಡವಾದರೆ ಬಿಡೋಣ ಎಂದು ಮೆಲ್ಲಗೆ ಅಂದ. ಒತ್ತು ಅಂದೆ. ಒತ್ತಿದ. ಫ್ಲರಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ.

ಅವತ್ತಿನಿಂದ ನಾನು ಇಡೀ ದಿಬ್ಬದ ಆಸ್ತಿಯಾದೆ. ಹಾಲಿನವನು ನನ್ನ ನಿದ್ದೆ ವಿಚಾರಿಸುವ, ಮೀನಿನವಳು ಹಸಿವು ವಿಚಾರಿಸುವಳು. ಫ್ಲರಿ ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲಲ್ಲಿ ನಿಂತು, ತಲೆಯಿಂದ ಕಾಲಿನವರೆಗೆ ನನ್ನನ್ನು ಅಳೆದು ಒಳಗೆ ಹೋಗುವ. ಅಂಥ ಹೊತ್ತಿನಲ್ಲೇ ನನಗೆ ನೆಗಡಿ ಹಿಡಿಯಬೇಕೆ? ಮನೆಯಲ್ಲಿ ದಿಂಬಿಗೆ ಮುಖ ಒತ್ತಿ ಕೆಮ್ಮುತ್ತಿದ್ದೆ. ಬೀದಿಗಿಳಿದರೆ ಹುಡುಗಿಯ ಹಾಗೆ ನಡೆಯುತ್ತಿದ್ದೆ.

ಮುಂದಿನ ಭಾನುವಾರ ಬ್ಯಾಟಿ ಬೆಳಗಿನ ಪೂಜೆಗೆ ಹೋಗಿ ಬಂದಿದ್ದ, ನಾನು ಹನ್ನೊಂದರದ್ದಕ್ಕೆ ಹೋದೆ. ಫಾದರ್ ಉಪದೇಶ ಶುರು ಮಾಡಿದರು. ಗಂಟಲಲ್ಲಿ ತುರಿಕೆಯೂ ಶುರುವಾಯಿತು. ಕೆಮ್ಮಿದರೆ ಬ್ಯಾಟಿಯ ಕಥೆ ಮುಗಿಯಿತು. ತಡೆದೆ. ಫಾದರ್ ಉದ್ದದ ಉಪದೇಶದವರು. ಇನ್ನೂ ತಡೆದೆ. ಕಣ್ಣಲ್ಲಿ ನೀರು, ಕಿವಿಯಲ್ಲಿ ಗುಂಯ್‌ಗುಟ್ಟುವ ಸದ್ದು, ಮುಖ ಬದನೆಕಾಯಿಯ ಬಣ್ಣ. ಫಾದರ್ ಮಾತು ನಿಲ್ಲಿಸಿ ನನ್ನನ್ನೇ ನೋಡಿದರು. ಎದ್ದು ಪಕ್ಕದ ಬಾಗಿಲಿನಿಂದ ಓಡಿಬಿಟ್ಟೆ. ಹಿಂದೆ, ಡೆಲಿಯಾಗಾಗಿ ಪ್ರಾರ್ಥಿಸೋಣ ಎನ್ನುವ ಅವರ ದನಿ ಕೇಳಿಸಿತು.

ಚರ್ಚಿನ ಹಿಂದೆ ಮನಸಾರೆ ಕೆಮ್ಮಿ, ಹತ್ತಿರದಲ್ಲೇ ಇದ್ದ ಮ್ಯಾಜ್ ಅಜ್ಜಿಯ ಮನೆ ಹೊಕ್ಕೆ. ಮೈಹುಷಾರಿಲ್ಲವೆಂದು ಅವಳು ಪೂಜೆಗೆ ಹೋಗಿರಲಿಲ್ಲ, ಅಂದರೆ ಗಟ್ಟಿಮುಟ್ಟಾಗಿ ಕೂತು ಬೇಕನ್ ತಿನ್ನುತ್ತಿದ್ದಳು. ಬಿಸಿನೀರು, ಲವಂಗ, ನಿಂಬೆ ಹಾಕಿ ವಿಸ್ಕಿ ಕೊಟ್ಟಳು. ಇನ್ನೊಂದು ಕೊಟ್ಟಳು. ಅವಳ ಮಂಚದ ಮೇಲೆ ಹಾಗೇ ಕಣ್ಣು ಮುಚ್ಚಿದೆ.

ಎದ್ದು ಮನೆಯ ಕಡೆ ಬಂದಾಗ ನಮ್ಮ ಬಾಗಿಲಿನಿಂದ ಬೀದಿಯ ತಿರುವಿನವರೆಗೆ ಜನ ಸಾಲಾಗಿ ನಿಂತಿದ್ದರು. ಕಪ್ಪು ಕೋಟುಗಳು. ಹೆಂಗಸರ ಕೈಯಲ್ಲಿ ತಟ್ಟೆ ತುಂಬ ಹ್ಯಾಮ್ ಸ್ಯಾಂಡ್‌ವಿಚ್. ಸಾವಿನ ಮನೆಯ ಸಾಲು ಕಂಡರೆ ನಮ್ಮ ಊರಿನವರಿಗೆ ಕಾಲು ತಾನಾಗಿಯೇ ನಿಲ್ಲುತ್ತದೆ. ನಾನೂ ಸಾಲಿನ ಕೊನೆಗೆ ಸೇರಿಕೊಂಡೆ, ಪಕ್ಕದ ತಟ್ಟೆಯಿಂದ ಒಂದು ಸ್ಯಾಂಡ್‌ವಿಚ್ ಎತ್ತಿಕೊಂಡೆ. ಹಸಿವಾಗಿತ್ತು. ನಮ್ಮ ಸಾಲುಮನೆಗಳಲ್ಲಿ ಪಾಪ ಯಾರು ಹೋದರೋ ಎಂದು ಮರುಕವೂ ಆಯಿತು. ಮುಂದಿದ್ದ ಬೆನ್ನನ್ನು ತಟ್ಟಿದೆ.

"ಯಾರಪ್ಪ ಹೋಗಿದ್ದು?"

"ಡೆಲಿಯಾ," ಅಂದಿತು ಬೆನ್ನು, ತಿರುಗದೆಯೇ. "ನಾನ್ ಹೇಳಿರ್ಲಿಲ್ವಾ? ಎಂಟೇ ದಿನ."

"ಅಯ್ಯೋ ದೇವ್ರೇ," ಅಂದೆ ನಾನು. ಬಾಯಿ ತುಂಬ ಹ್ಯಾಮ್ ಇತ್ತು.

ಆಗ ಬೆನ್ನು ತಿರುಗಿತು. ಫ್ಲರಿ. ನನ್ನನ್ನು ನೋಡಿದ, ಕೈಯಲ್ಲಿದ್ದ ಸ್ಯಾಂಡ್‌ವಿಚ್ ನೋಡಿದ, ಮತ್ತೆ ನನ್ನನ್ನು ನೋಡಿದ, ಹಾಗೇ ಕಲ್ಲುಹಾಸಿನ ಮೇಲೆ ಎಚ್ಚರ ತಪ್ಪಿ ಕುಸಿದ. ಅವನಿಗೆ ನೀರು ಚಿಮುಕಿಸಿದವಳು ನಾನೇ. ಕಣ್ಣು ಬಿಟ್ಟೊಡನೆ ಕಂಡದ್ದು ನನ್ನ ಮುಖವಾದ್ದರಿಂದ ಇನ್ನೊಮ್ಮೆ ಚಿಮುಕಿಸಬೇಕಾಯಿತು.

ಒಳಗೆ ಬ್ಯಾಟಿ ಬಂದವರಿಗೆಲ್ಲ ಕೈ ಕುಲುಕುತ್ತಿದ್ದ. ನಿನ್ನ ಕಷ್ಟಕ್ಕೆ ನಮಗೆ ತುಂಬಾ ಬೇಜಾರಾಯಿತು ಎಂದು ಅವರು ಹೇಳಿದರೆ, ಕ್ಯಾಮೆರಾದ ವಿಷಯಕ್ಕೆ ಕ್ಷಮೆ ಕೇಳಲು ಬಂದಿದ್ದಾರೆ ಎಂದುಕೊಂಡು, ಪರವಾಗಿಲ್ಲ, ಒಂಥರಾ ನೆಮ್ಮದಿಯಾಗೇ ಇದೀನಿ ಎಂದು ಎಲ್ಲರಿಗೂ ಸಮಾಧಾನ ಹೇಳಿದ್ದನಂತೆ! ಎಂಥ ಗಟ್ಟಿ ಮನುಷ್ಯ ಎಂದು ಮುದುಕಿಯರು ಕಣ್ಣೊರೆಸಿಕೊಂಡಿದ್ದರು.

ನಾನು ಒಳಗೆ ಕಾಲಿಟ್ಟ ಮೇಲೆ ಆದ ಗದ್ದಲ ಹೇಳತೀರದು. ಯಾರೋ ಮೊದಲು ನಕ್ಕರು, ಆಮೇಲೆ ಬೀದಿಯೇ ನಕ್ಕಿತು. ತಂದ ಸ್ಯಾಂಡ್‌ವಿಚ್ ವಾಪಸು ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ, ಎಲ್ಲರೂ ಅಲ್ಲೇ ಕೂತು ತಿಂದರು. ಬ್ಯಾಟಿ ಕಪಾಟು ತೆರೆದ. ಸಾಲಿನಲ್ಲಿದ್ದವರೆಲ್ಲ ಸಾಲಿನಲ್ಲೇ ನಿಂತು ಫೋಟೋ ತೆಗೆಸಿಕೊಂಡರು. ಫ್ಲರಿ ಕೊನೆಗೆ ಬಂದ. ಕೂದಲು ಬಾಚಿಕೊಂಡು ಬಂದಿದ್ದ.

ಆಮೇಲೆ ಎಷ್ಟೋ ವರ್ಷ ನಾವಿಬ್ಬರೂ ಊರು ಸುತ್ತಿದೆವು. ಬ್ಯಾಟಿಗೆ ಎದೆಯ ಕಾಯಿಲೆ ಬರುವವರೆಗೂ. ದಿಬ್ಬ ಹತ್ತುವುದು ನಿಂತಿತು, ಆಮೇಲೆ ಮೆಟ್ಟಿಲು ಹತ್ತುವುದೂ. ಒಂದು ಬೆಳಿಗ್ಗೆ ಅಡಿಗೆಮನೆಯ ಕಿಟಕಿಯ ಹತ್ತಿರ ಕೂತು ಕ್ಯಾಮೆರಾವನ್ನು ನನ್ನ ಕಡೆ ಚಾಚಿದ.

"ಊರೋರ್ದೆಲ್ಲ ತೆಗ್ದೆ, ನಂದೇ ಒಂದೂ ಇಲ್ಲ. ಕಾರ್ಡಿಗೆ ಏನ್ ಹಾಕ್ಸ್ತೀಯ, ಬಸ್ಸಿನ ಲೈಸೆನ್ಸಿಂದಾ?"

ನಾನು ಮುಟ್ಟುವುದಿಲ್ಲ ಅಂದೆ. ಕೆಲಸವಿದೆ ಅಂದೆ. ಬೆಳಕು ಚೆನ್ನಾಗಿಲ್ಲ ಅಂದೆ.

"ಹೆದ್ರಿಕೇನಾ?" ಎಂದು ಕೇಳಿದ. "ಅದೆಲ್ಲ ಸುಳ್ಳು ಅಂತ ಅಷ್ಟು ಜನರ ಮುಂದೆ ಹೇಳಿದ್ಯಲ್ಲ."

ಕ್ಯಾಮೆರಾ ಕೈಗೆ ತೆಗೆದುಕೊಂಡೆ. ಎಷ್ಟೋ ವರ್ಷ ಪಕ್ಕದಲ್ಲಿ ನಿಂತು ಆಜ್ಞೆ ಮಾಡಿದವಳಿಗೆ ಒತ್ತುವುದೇನು ಮಹಾ ವಿದ್ಯೆ? ಬೆಳಕಿಗೆ ತಿರುಗು ಅಂದೆ, ಗಲ್ಲ ಎತ್ತು ಅಂದೆ, ಕಾಲರ್ ಸರಿಮಾಡಿದೆ, ಬಸ್ಸು ಓಡಿಸುವವನ ಹಾಗೆ ಬಿಗಿಯಬೇಡ ಅಂದೆ. ಹೇಳಿದಂತೆಲ್ಲ ಕೇಳಿದ. ಕ್ಯಾಮೆರಾದ ಮೇಲ್ಗಡೆಯ ಚಿಕ್ಕ ಕಿಂಡಿಯಲ್ಲಿ ಕಣ್ಣಿಟ್ಟರೆ ಗಂಡ ಸ್ಪಷ್ಟವಾಗಿ ಕಂಡ, ನನ್ನ ಕಣ್ಣೇ ಸ್ವಲ್ಪ ಮಂಜಾಗಿತ್ತು. ಒತ್ತಿದೆ. ಇನ್ನೊಂದು ಒತ್ತಿದೆ. ಕೈ ಪಳಗಿತು ಅನ್ನಿಸಿ ಮತ್ತೂ ಒಂದಷ್ಟು ಒತ್ತಿದೆ. ಅವನು ಅಷ್ಟು ಹೊತ್ತೂ ಗಂಭೀರವಾಗಿ, ಅಲ್ಲಾಡದೆ ಕೂತಿದ್ದ, ಒಳ್ಳೆಯ ಬಿಷಪ್ಪನ ಹಾಗೆ.

ಕಾರ್ಡಿನ ಮೇಲೆ ಆ ಬಿಷಪ್ ಇಲ್ಲ. ಕಾರ್ಡಿನ ಮೇಲೆ ಬ್ಯಾಟಿ ಬಾಯಿ ತೆರೆದು, ಕಣ್ಣು ಮುಚ್ಚಿಹೋಗುವಷ್ಟು ನಗುತ್ತಿದ್ದಾನೆ. ಸ್ವಲ್ಪ ಗಂಭೀರವಾದದ್ದು ಬೇರೊಂದು ಇಲ್ಲವೇ ಎಂದು ಫಾದರ್ ಕೇಳಿದರು. ಇಲ್ಲ ಅಂದೆ. ಅಂಥ ಯಾವ ಹಾಸ್ಯ ಹೇಳಿ ನಗಿಸಿದೆ ಎಂದು ಪೂಜೆಗೆ ಬಂದವರೆಲ್ಲ ಕೇಳಿದರು. ನಾನು ಏನೂ ಹೇಳಿರಲಿಲ್ಲ. ಬ್ಯಾಟಿಯೇ ಒಂದು ಮಾತು ಹೇಳಿ ತಾನೇ ನಕ್ಕದ್ದು. ಇದು ಮಾಡಿಕೊಡು ಎಂದು ಅವನು ನನ್ನನ್ನು ಕೇಳಿದ್ದು ಅದೇ ಕೊನೆ.

"ಡೆಲಿಯಾ," ಅಂದ, "ಇನ್ನೊಂದ್ಸಲ ಒತ್ತೋಕ್ ಮುಂಚೆ ಆ ಲೆನ್ಸ್ ಮೇಲಿರೋ ಮುಚ್ಚಳ ಒಂದು ತೆಗೀತೀಯಾ?"